ಯೇವೂರಿನ ಗುಡ್ಡ ಹತ್ತಿದರೆ

ಶಹಾಡ್‌ನಿಂದ ಹೊರಟ ಲೋಕಲ್ಲಿನಲ್ಲಿ ಠಾಣೆಯವರೆಗೆ ಕಾಲೂರಲು ಜಾಗ ಸಿಕ್ಕರೆ ಅದೇ ಪುಣ್ಯ. ಅಲ್ಲಿಳಿದು ಯೇವೂರಿನ ಬಸ್ಸು ಹಿಡಿದು ಗುಡ್ಡದ ತಿರುವುಗಳನ್ನು ದಾಟುವಷ್ಟರಲ್ಲಿ ಕಟ್ಟಡಗಳೆಲ್ಲ ಬೆನ್ನಿಗೆ ಬೀಳುತ್ತವೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಕಡೆಯ ಅಂಚು ಇದು. ಸುಮಾರು 104 ಚದರ ಕಿಲೋಮೀಟರ್ ಕಾಡು, ಸುತ್ತಲೂ ಮಹಾನಗರ.

ಆಗಸ್ಟಿನಲ್ಲಿ ನೋಡಿದವರು ಮಳೆಕಾಡೆಂದೇ ನಂಬಿಯಾರು. ಮತ್ತಿಯ ಕಾಂಡಕ್ಕೆ ಪಾಚಿ, ಬಂಡೆ ಬಂಡೆಯಿಂದಲೂ ನೀರು. ಬೇಸಿಗೆಯಲ್ಲಿ ಬನ್ನಿ: ತೇಗ ಬೋಳಾಗಿ, ತರಗೆಲೆ ಮೇಲೆ ಜಿಂಕೆ ನಡೆದರೂ ಕೇಳಿಸುತ್ತದೆ.

ಮರಗಳಡಿ ಆಳೆತ್ತರಕ್ಕೆ ಒತ್ತಾಗಿ ನಿಂತದ್ದು ಕಾರ್ವಿ, ನಮ್ಮ ಮಲೆನಾಡಿನ ಗುರಿಗೆಯ ಬಳಗ. ಇಲ್ಲಿನ ವಾರ್ಲಿ ಆದಿವಾಸಿಗಳ ಪಾಡಾಗಳಲ್ಲಿ, ಅಂದರೆ ಹಾಡಿಗಳಲ್ಲಿ, ಹಳೆಯ ಗುಡಿಸಲಿನ ಗೋಡೆ ಇದರದೇ. ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ, ಬಿಗಿದು, ಮೇಲೆ ಮಣ್ಣು-ಸಗಣಿ ಮೆತ್ತುತ್ತಾರೆ. ಮೆತ್ತಿದ್ದು ಉದುರಿದ ಕಡೆ ಗಂಟುಗಂಟಾದ ಕಡ್ಡಿ ಇಣುಕುತ್ತದೆ.

ಇಲ್ಲಿ ಚಿರತೆಗಳೂ ಇವೆ. 2015ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಆಸುಪಾಸಿನಲ್ಲಿ 35 ಸಿಕ್ಕಿದ್ದವು. ಜಿಂಕೆ, ಕಡವೆಯ ಜೊತೆಗೆ ಬೀದಿನಾಯಿಯೂ ಅವುಗಳ ಊಟ. ನಗರದ ಕಸ ನಾಯಿಯನ್ನು ಸಾಕಿದರೆ ನಾಯಿ ಚಿರತೆಯನ್ನು ಸಾಕುತ್ತದೆ. ವಾರ್ಲಿಗಳಿಗೆ ಚಿರತೆಯೆಂದರೆ ವಾಘೋಬಾ ದೇವರು. ಸಿಂಧೂರ ಬಳಿದ ಕಲ್ಲಿಗೆ ತೆಂಗಿನಕಾಯಿ ಒಡೆದು, ದನ-ಕರು, ಮಕ್ಕಳನ್ನು ಕಾಯೆಂದು ಬೇಡಿಕೊಳ್ಳುತ್ತಾರೆ. ಚಿರತೆ ಕಂಡೊಡನೆ ಬೋನಿಡಿ ಎನ್ನುವ ಹೌಸಿಂಗ್ ಸೊಸೈಟಿಯವರಿಗಿಂತ ಈ ಲೆಕ್ಕಾಚಾರವೇ ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ.

ಕಾಡಿನ ನಡುವೆ ಕಾನ್ಹೇರಿಯ ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳಿವೆ. ನಮ್ಮ ನೃಪತುಂಗ ಅಮೋಘವರ್ಷನ ಕಾಲದ, 9ನೇ ಶತಮಾನದ ಶಾಸನಗಳೂ ಅಲ್ಲಿವೆ. ಆಗ ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಇಲ್ಲಿ ಕನ್ನಡಿಗರು ಹೊಸಬರೇನಲ್ಲ!

ಉತ್ತರದಲ್ಲಿ ಘೋಡ್‌ಬಂದರ್ ರಸ್ತೆ ಈ ಕಾಡನ್ನು ತುಂಗಾರೇಶ್ವರದ ಕಾಡಿನಿಂದ ಕತ್ತರಿಸಿದೆ. ದಾಟುವ ಚಿರತೆಗಳು ಲಾರಿಗಳಿಗೆ ಸಿಕ್ಕಿ ಸತ್ತದ್ದುಂಟು. ಈಗ ಉದ್ಯಾನದ ಅಡಿಯಲ್ಲೇ ಠಾಣೆ–ಬೊರಿವಲಿ ಜೋಡಿ ಸುರಂಗದ ಯೋಜನೆ. ಯೇವೂರಿನ ಬಂಗಲೆಗಳಲ್ಲಿ ವಾರಾಂತ್ಯದ ಪಾರ್ಟಿಯ ಗದ್ದಲ ಬೇರೆ.

ಕಾರ್ವಿ ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಅರಳಿ, ಬೀಜ ಕಟ್ಟಿ ಸಾಯುತ್ತದೆ. 2016ರಲ್ಲಿ ಅರಳಿತ್ತು, 2024ರಲ್ಲೂ ಅರಳಿತು. ಮುಂದಿನ ಸರದಿ 2032. ಆ ಸೆಪ್ಟೆಂಬರಿನಲ್ಲಿ ಒಂದು ರಜೆ ಹಾಕಿ ಹೋಗಿ ಬನ್ನಿ. ಸ್ಪೀಕರ್ ಮಾತ್ರ ಮನೆಯಲ್ಲೇ ಇರಲಿ.