ಕೆಸರಲ್ಲೇ ಕಾಲಿಡಿ

ಮಲೆನಾಡು, ಕೊಡಗಿನ ಹೋಂಸ್ಟೇಗಳು ಅತಿಥಿಗಳ ಮುಂದೆ ಚಾಚುವ ಆಸೆಗಳ ಪಟ್ಟಿಗೆ ಅಕ್ಕಿರೊಟ್ಟಿ, ಕಾಫಿತೋಟಗಳ ಜತೆ ಈಗ ‘ಯಾರೂ ಹೋಗದ ದಾರಿ’ಯೂ ಸೇರಿಕೊಂಡಿದೆ. ಕುದುರೆಮುಖ, ಮುಳ್ಳಯ್ಯನಗಿರಿ, ತಡಿಯಂಡಮೋಳ್‌ನಂಥ ಹೆಸರಾದ ಬೆಟ್ಟಗಳಲ್ಲಿ ಜನವೋ ಜನ. ಅದರ ಬದಲು ಮನೆಯ ಹಿಂದಿನ ಗುಡ್ಡವನ್ನೇ ಹೊಸ ಜಾಡಿನಲ್ಲಿ ಹತ್ತಿದರೆ ಏಕಾಂತವೂ ಸಿಗುತ್ತದೆ, ಬೆಟ್ಟದ ಮೇಲಿನ ಭಾರವೂ ಹಂಚಿಹೋಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಏಕಾಂತದ ಮಾತು ನಿಜ. ಭಾರ ಹಂಚಿಹೋಗುತ್ತದೆ ಎಂಬುದು ಮಾತ್ರ ಕೇಳಲು ಎಷ್ಟು ಹಿತವೋ ಅಷ್ಟೇ ತಪ್ಪು. ಬೆಟ್ಟದ ಮಟ್ಟಿಗೆ ಹೇಳುವುದಾದರೆ, ಸವೆದ ಹಳೆಯ ಕಾಲುದಾರಿಯಲ್ಲಿ ನಡೆಯುವ ನೂರನೆಯವನಿಗಿಂತ ಹೊಸ ಜಾಡು ತುಳಿಯುವ ಮೊದಲ ಹತ್ತು ಮಂದಿ ಹೆಚ್ಚು ದುಬಾರಿ.

ಇದು ಊಹೆಯಲ್ಲ, ಅಳೆದು ನೋಡಿದ ಸಂಗತಿ. ಅಮೆರಿಕದ ಡೇವಿಡ್ ಕೋಲ್ ಮತ್ತು ಬ್ರಿಟನ್ನಿನ ಬೇಫೀಲ್ಡ್ ತುಳಿತದ ಪರಿಣಾಮವನ್ನು ಅಳೆಯಲು 1993ರಲ್ಲಿ ಒಂದು ಪ್ರಮಾಣಿತ ವಿಧಾನವನ್ನು ರೂಪಿಸಿದರು. ಅರ್ಧ ಮೀಟರ್ ಅಗಲದ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತಿಸಿ, ಒಂದರ ಮೇಲೆ 25 ಸಲ, ಮತ್ತೊಂದರ ಮೇಲೆ 75 ಸಲ, ಹೀಗೆ 200, 500 ಸಲ ನಡೆಯುವುದು. ಎರಡು ವಾರದ ನಂತರ ಮತ್ತು ವರ್ಷದ ನಂತರ ಎಷ್ಟು ಹಸಿರು ಉಳಿದಿದೆ ಎಂದು ನೋಡುವುದು. ಇಂಥ ಪ್ರಯೋಗಗಳು ನಾನಾ ದೇಶಗಳಲ್ಲಿ ನಡೆದಿವೆ, ಮತ್ತೆ ಮತ್ತೆ ಕಾಣುವ ಚಿತ್ರ ಒಂದೇ: ಹಾನಿಯ ರೇಖೆ ಆರಂಭದಲ್ಲಿ ಕಡಿದಾಗಿ ಏರುತ್ತದೆ, ಆಮೇಲೆ ಮಟ್ಟಸವಾಗುತ್ತದೆ. ಗಿಡಗಳೆಲ್ಲ ಹೋದಮೇಲೆ ತುಳಿತಕ್ಕೆ ಅಲ್ಲಿ ಕಳೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಎಲ್ಲ ಸಸ್ಯಗಳೂ ಒಂದೇ ರೀತಿ ಬಗ್ಗುವುದಿಲ್ಲ ಎಂಬುದೂ ಇಲ್ಲಿ ಮುಖ್ಯ. ಹುಲ್ಲಿನ ಬೆಳೆಯುವ ಕುಡಿ ನೆಲಕ್ಕಂಟಿಕೊಂಡಿರುವುದರಿಂದ ಅದು ತುಳಿತವನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ಕಾಡಿನ ನೆರಳಲ್ಲಿ ಬೆಳೆಯುವ, ಮೆತ್ತನೆಯ ದಂಟಿನ ಅಗಲ ಎಲೆಯ ಗಿಡಗಳು ಬೇಗ ಸೋಲುತ್ತವೆ. ನಮ್ಮ ಬೆಟ್ಟಗಳಲ್ಲಿ ಹುಲ್ಲುಗಾವಲೂ ಅದರ ಮಡಿಲಿನ ಶೋಲಾ ಕಾಡೂ ಅಕ್ಕಪಕ್ಕದಲ್ಲೇ ಇವೆ. ಬಿಸಿಲು ತಪ್ಪಿಸಿಕೊಳ್ಳಲೆಂದು ಶೋಲಾದ ಒಳಗೆ ಕೊರೆಯುವ ಅಡ್ಡದಾರಿಯೇ ಹೆಚ್ಚು ಕೇಡು ಮಾಡುತ್ತದೆ.

ಪ್ರಯೋಗ ನಡೆದ ದೇಶಗಳ ಗಿಡ ಬೇರೆ, ಇಲ್ಲಿನದು ಬೇರೆ. ಮೇಲಾಗಿ ಮಲೆನಾಡಿನ ಮಳೆ ಹೇಗೂ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ನಾಲ್ಕು ಹೆಜ್ಜೆಯದೇನು ಲೆಕ್ಕ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ, ಆದರೆ ಮಳೆಯ ಮಾತು ಅದಕ್ಕೇ ತಿರುಗೇಟು ಕೊಡುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಇಷ್ಟು ನೀರು ಸುರಿದೂ ಗುಡ್ಡಗಳು ನಿಂತಿರುವುದು ಮಣ್ಣಿಗೆ ಹೊದಿಕೆ ಇರುವುದರಿಂದ. ಎಲೆ ಮತ್ತು ಹುಲ್ಲು ಹನಿಯ ಹೊಡೆತವನ್ನು ತಡೆಯುತ್ತವೆ. ಬೇರು, ಎರೆಹುಳು, ಕೊಳೆತ ಎಲೆಗಳು ಮಾಡಿದ ರಂಧ್ರಗಳು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. 70 ಕಿಲೋ ತೂಕದವರು ಸುಮಾರು 200 ಚದರ ಸೆಂಟಿಮೀಟರಿನ ಒಂದು ಪಾದದ ಮೇಲೆ ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ 350 ಗ್ರಾಂ ಭಾರ. ಇಳಿಜಾರಿನಲ್ಲಿ ಶೂಗಳ ತುದಿ ಅಥವಾ ಹಿಮ್ಮಡಿಯ ಅಂಚನ್ನಷ್ಟೇ ಊರಿದಾಗ ಅದೇ ಭಾರ ನಾಲ್ಕು ಪಟ್ಟಾಗಬಹುದು. ದೊಡ್ಡ ರಂಧ್ರಗಳು ಮೊದಲು ಮುಚ್ಚುತ್ತವೆ. ಇಂಗಬೇಕಾದ ನೀರು ಮೇಲೇ ಹರಿಯುತ್ತದೆ, ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟು. ನೇರವಾಗಿ ಶಿಖರಕ್ಕೆ ಹತ್ತುವ ಜಾಡು ಕೆಲವೇ ಮಳೆಗಾಲಗಳಲ್ಲಿ ಕೊರಕಲಾಗುವುದು ಹೀಗೆ. ಈ ಲೆಕ್ಕಕ್ಕೆ ದೇಶದ ಹಂಗಿಲ್ಲ. ಮಳೆ ಹೆಚ್ಚಿದ್ದಷ್ಟೂ ಬರಿಗೊಂಡ ನೆಲಕ್ಕೆ ಅಪಾಯ ಹೆಚ್ಚು, ಅಷ್ಟೆ.

ಇನ್ನೊಂದು ವಾದ ಊರಿನವರಿಂದಲೇ ಬರುತ್ತದೆ: ದನಗಳು, ಕಾಟಿ, ಕಡವೆ ಗುಡ್ಡದ ತುಂಬಾ ಅಡ್ಡಾಡುತ್ತವಲ್ಲ? ಹೌದು, ದನಗಳೂ ಮಣ್ಣನ್ನು ಕೆಡಿಸುತ್ತವೆ. ಆದರೆ ಮೇಯುವ ಪ್ರಾಣಿ ಶ್ರಮ ಉಳಿಸಲು ಸಾಮಾನ್ಯವಾಗಿ ಗುಡ್ಡದ ಪಕ್ಕೆಯನ್ನು ಬಳಸಿ ಸಾಗುತ್ತದೆ. ಸೂರ್ಯೋದಯದ ಫೋಟೋಕ್ಕೆಂದು ನೆತ್ತಿಗೆ ನೇರ ಏರುವ ಚಪಲ ಅದಕ್ಕಿಲ್ಲ. ದಾರಿ ಕಟ್ಟುವವರ ಸೂತ್ರವೂ ಇದನ್ನೇ ಹೇಳುತ್ತದೆ: ದಾರಿಯ ಏರು ಅದು ಹಾದುಹೋಗುವ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ಹತ್ತು ಮೀಟರಿಗೆ ಒಂದು ಮೀಟರಿನಷ್ಟು ಇದ್ದರೆ ಸಾಕು.

ಹಾಗಾದರೆ ಎಲ್ಲರೂ ಒಂದೇ ದಾರಿಗೆ ನುಗ್ಗಿದರೆ ಆ ದಾರಿಯ ಗತಿ? 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಾತ್ರೆಯ ದೃಶ್ಯಗಳು ಹರಿದಾಡಿದವು, ಸರ್ಕಾರ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಿ, ಮುಂದೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ತಂದಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ತಲೆ ಎಣಿಸಿದರೆ ಸಾಲದು. ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಗಲ್ಲು, ಕಡಿದಾದಲ್ಲಿ ಕಲ್ಲಿನ ಮೆಟ್ಟಿಲು, ಮಳೆಗಾಲದ ನಂತರದ ದುರಸ್ತಿ ಬೇಕು. ಒಂದು ದಾರಿಗೆ ಹೀಗೆ ಹಣ ಹಾಕಬಹುದು. ಹೋಂಸ್ಟೇಗೊಂದರಂತೆ ಹುಟ್ಟುವ ಜಾಡುಗಳನ್ನೆಲ್ಲ ಕಾಯುವವರು ಯಾರು?

ಹಳ್ಳಗಳ ವಿಷಯದಲ್ಲಂತೂ ರಿಯಾಯಿತಿ ಬೇಡ. ಮೂಡಿಗೆರೆ ಸೀಮೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಪುಟ್ಟ ನರ್ತಿಸುವ ಕಪ್ಪೆಯ ಗಂಡು, ಎದುರಾಳಿ ಗಂಡುಗಳನ್ನು ದೂರವಿಡಲು ಹಿಂಗಾಲು ಚಾಚಿ ಬೀಸುತ್ತದೆ. ಈ ಕುಲದ ಹೆಣ್ಣು ಕಪ್ಪೆ ಹಳ್ಳದ ತಳವನ್ನು ಹಿಂಗಾಲಿನಿಂದಲೇ ಕೆದಕಿ ಮೊಟ್ಟೆಗಳನ್ನು ಹೂತಿಡುತ್ತದೆ. ಅದರ ಸಮಯ ಮಳೆ ಇಳಿದು ಹಳ್ಳ ತಿಳಿಯಾಗುವ ಕಾಲ. ಚಾರಣಿಗರ ಕಾಲವೂ ಅದೇ. ಹೊಸ ಜಾಡು ಎಂದರೆ ಹಳ್ಳ ದಾಟುವ ಹೊಸ ಜಾಗ, ಹೂತ ಮೊಟ್ಟೆಗಳ ಮೇಲೆ ಹೊಸ ಕಾಲುಗಳು.

ಇರುವ ದಾರಿಯೂ ಹಾಳಾಗುವುದು ಹೆಚ್ಚಾಗಿ ಅಂಚಿನಲ್ಲಿ. ನಡುವೆ ಕೆಸರು ಕಂಡೊಡನೆ ಒಬ್ಬರು ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ, ಮುಂದಿನವರು ಇನ್ನೂ ಆಚೆ. ಎರಡಡಿಯ ದಾರಿ ಹತ್ತಡಿಯಾಗುತ್ತದೆ. ಉಂಬಳಗಳ ಭಯಕ್ಕೆ ಕೆಸರು ಬಿಟ್ಟು ಹುಲ್ಲಿಗೆ ಸರಿಯುವುದು ಮದ್ದೂ ಅಲ್ಲ, ಅವು ಕಾಯುವುದೇ ಎಲೆ, ಹುಲ್ಲಿನ ತುದಿಯಲ್ಲಿ. ಮುಂದಿನ ರಜೆಗೆ ಹೋದಾಗ ಹೋಂಸ್ಟೇಯವರನ್ನು ಕೇಳಬೇಕಾದ್ದು ಗುಟ್ಟಿನ ದಾರಿಯನ್ನಲ್ಲ, ಅರಣ್ಯ ಇಲಾಖೆ ಗುರುತಿಸಿದ ದಾರಿ ಯಾವುದು, ಅನುಮತಿ ಎಲ್ಲಿ ಸಿಗುತ್ತದೆ ಎಂಬುದನ್ನು. ಆ ದಾರಿಯಲ್ಲಿ ಕೆಸರು ಸಿಕ್ಕರೆ ಬಳಸಿ ಹೋಗಬೇಡಿ, ನಡುವೆಯೇ ನಡೆಯಿರಿ. ಶೂಗಳನ್ನು ತೊಳೆದರಾಯಿತು.