ಆಟಿಕೆ ರೈಲು, ಅಳಿಸಿಹೋದ ಹೆಸರುಗಳು

ಅಮೆರಿಕದಲ್ಲಿ ಮಾದರಿ ರೈಲುಗಳ ಹವ್ಯಾಸ ಮಕ್ಕಳಿಗಿಂತ ದೊಡ್ಡವರದ್ದು. ನೆಲಮಾಳಿಗೆಯಲ್ಲಿ ಹಳಿ ಹಾಸಿ, ನಿಲ್ದಾಣ ಕಟ್ಟಿ, ಅಂಗೈ ಉದ್ದದ ಇಂಜಿನ್ನುಗಳನ್ನು ಓಡಿಸುವವರು ಅಲ್ಲಿ ಬಹಳ ಮಂದಿ. ಇಂಥ ಅನೇಕ ಇಂಜಿನ್ನುಗಳ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಹಳಿಯ ಮೂಲಕವೇ ಬರುವ ಡಿಜಿಟಲ್ ಸಂಕೇತವನ್ನು ಓದಿ ಅದು ಮೋಟರು, ದೀಪ, ಸೀಟಿಗಳನ್ನು ನಡೆಸುತ್ತದೆ. ಚಿಪ್ಪಿನೊಳಗೆ ಸಂಖ್ಯೆ ಹಾಕಿದ ಖಾನೆಗಳಿವೆ. 3ನೇ ಖಾನೆ ವೇಗ ಏರುವ ಗತಿಗೆ, 4ನೆಯದು ಇಳಿಯುವ ಗತಿಗೆ ಎಂದು ಕೆಲವಕ್ಕೆ ಎಲ್ಲರೂ ಒಪ್ಪಿದ ಅರ್ಥವಿದೆ. ಉಳಿದ ಎಷ್ಟೋ ಖಾನೆಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ದಾರಿ.

ಈ ಗೋಜಲನ್ನು ಬಿಡಿಸಲು ಹುಟ್ಟಿದ್ದು ಜೆಎಂಆರ್‌ಐ ಎಂಬ ಜಾವಾ ತಂತ್ರಾಂಶ. ಅದನ್ನು ಮುನ್ನಡೆಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಭೌತವಿಜ್ಞಾನಿಯಾಗಿದ್ದ ರಾಬರ್ಟ್ ಜೇಕಬ್ಸನ್. ಯಾವುದೋ ಬಗೆಯ ಡಿಕೋಡರ್ ಕೊಂಡ ಹವ್ಯಾಸಿ ಅದರ ಕೈಪಿಡಿ ಹಿಡಿದು ಕೂತು, ಯಾವ ಖಾನೆಗೆ ಯಾವ ಅರ್ಥ ಎಂದು ಪರೀಕ್ಷಿಸಿ, ಒಂದು ಕಡತ ಬರೆದು ಯೋಜನೆಗೆ ಕೊಡುತ್ತಾನೆ. ಕಡತದ ತಲೆಯಲ್ಲಿ ಬರೆದವರ ಹೆಸರು, ಹಕ್ಕುಸ್ವಾಮ್ಯದ ಸಾಲು ಇರುತ್ತವೆ. ಇಂಥ ಕಡತಗಳು ಸೇರಿ ಸೇರಿ ದೊಡ್ಡ ಸಂಗ್ರಹವಾಯಿತು. ಯಾರು ಬೇಕಾದರೂ ಬಳಸಬಹುದಿತ್ತು, ತಿದ್ದಬಹುದಿತ್ತು, ಹಂಚಬಹುದಿತ್ತು. ಆರ್ಟಿಸ್ಟಿಕ್ ಲೈಸೆನ್ಸ್ ಎಂಬ ಪರವಾನಗಿ ಮುಖ್ಯವಾಗಿ ಕೇಳಿದ್ದು ಇಷ್ಟು: ಬರೆದವರ ಹೆಸರು, ಹಕ್ಕುಸ್ವಾಮ್ಯದ ಸಾಲು ಹಾಗೇ ಉಳಿಯಲಿ, ತಿದ್ದಿದ್ದರೆ ಏನು ತಿದ್ದಿದ್ದೀರಿ ಎಂದು ಹೇಳಿ.

ಆರೆಗನ್ ರಾಜ್ಯದ ಮ್ಯಾಥ್ಯೂ ಕ್ಯಾಟ್ಜರ್ ಎಂಬವರ ಕಂಪನಿ ಇದೇ ಕ್ಷೇತ್ರದಲ್ಲಿ ಹಣಕ್ಕೆ ತಂತ್ರಾಂಶ ಮಾರುತ್ತಿತ್ತು. ತನ್ನ ಪೇಟೆಂಟನ್ನು ಜೆಎಂಆರ್‌ಐ ಉಲ್ಲಂಘಿಸಿದೆ ಎಂದು ಅದು ಜೇಕಬ್ಸನ್ ಅವರಿಗೆ ಎರಡು ಲಕ್ಷ ಡಾಲರಿಗೂ ಮೀರಿದ ಬಿಲ್ ಕಳಿಸಿತು. ಪುಕ್ಕಟೆ ಹಂಚುವ ಕೆಲಸಕ್ಕೆ ಇಷ್ಟು ದೊಡ್ಡ ಬಿಲ್! 2006ರಲ್ಲಿ ಜೇಕಬ್ಸನ್ ಕೋರ್ಟಿಗೆ ಹೋದರು. ಜೆಎಂಆರ್‌ಐ ಕಡತಗಳೇ ಕ್ಯಾಟ್ಜರ್ ಉತ್ಪನ್ನದೊಳಗೆ ಸೇರಿವೆ, ಅವುಗಳಲ್ಲಿ ಬರೆದವರ ಹೆಸರೂ ಇಲ್ಲ, ಪರವಾನಗಿಯ ಉಲ್ಲೇಖವೂ ಇಲ್ಲ ಎಂಬ ದೂರು ಅದೇ ದಾವೆಗೆ ಸೇರಿತು.

ಕಾನೂನಿನ ಗಂಟು ಇರುವುದು ಇಲ್ಲೇ. 2007ರ ಆಗಸ್ಟಿನಲ್ಲಿ ಜಿಲ್ಲಾ ನ್ಯಾಯಾಲಯ ಜೇಕಬ್ಸನ್ ಕೇಳಿದ ತಡೆಯಾಜ್ಞೆಯನ್ನು ನಿರಾಕರಿಸಿತು. ಪರವಾನಗಿ ಎಲ್ಲರಿಗೂ ಇಷ್ಟು ಧಾರಾಳವಾಗಿ ಅನುಮತಿ ಕೊಟ್ಟಿದೆ, ಹೆಸರು ಉಳಿಸಬೇಕೆಂಬುದು ಅದರ ಜೊತೆಗಿನ ಒಂದು ಮಾತು ಮಾತ್ರ. ಅದನ್ನು ಮುರಿದರೆ ಕರಾರು ಮುರಿದ ಹಾಗೆ, ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂಬುದು ಅದರ ತರ್ಕ. ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಪರಿಣಾಮ ಸಣ್ಣದಲ್ಲ. ಕರಾರು ಮುರಿದವರಿಂದ ಸಾಮಾನ್ಯವಾಗಿ ಸಿಗುವುದು ನಷ್ಟ ಪರಿಹಾರ. ಬೆಲೆಯೇ ಇಲ್ಲದೆ ಹಂಚಿದ ವಸ್ತುವಿನಲ್ಲಿ ನಷ್ಟವನ್ನು ಹೇಗೆ ಲೆಕ್ಕ ಹಾಕುವುದು? ಸೊನ್ನೆ ಎನ್ನಬೇಕಾಗುತ್ತದೆ. ಹಕ್ಕುಸ್ವಾಮ್ಯದ ಉಲ್ಲಂಘನೆಯಾದರೆ ಮಾತ್ರ, ನಿಲ್ಲಿಸಿ ಎಂದು ಆಜ್ಞೆ ಮಾಡಿಸುವ ದಾರಿ ಆಗ ಸಲೀಸಾಗಿ ತೆರೆಯುತ್ತಿತ್ತು. ಆ ತೀರ್ಪು ನಿಂತಿದ್ದರೆ ಇಂಥ ಎಷ್ಟೋ ಓಪನ್ ಸೋರ್ಸ್ ಪರವಾನಗಿಗಳು ಒಳ್ಳೆಯ ಮಾತಿನ ಕೋರಿಕೆಗಳಾಗಿ ಉಳಿಯುತ್ತಿದ್ದವು.

ಅದು ನಿಲ್ಲಲಿಲ್ಲ. 2008ರ ಆಗಸ್ಟ್ 13ರಂದು ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹೆಸರು ಉಳಿಸುವುದು ಅನುಮತಿಯ ಷರತ್ತು. ಷರತ್ತು ಪಾಲಿಸದವರಿಗೆ ನಕಲು ಮಾಡುವ ಅನುಮತಿಯೇ ಇಲ್ಲ ಎಂದಿತು. ನನಗೆ ಬಹಳ ಮುಖ್ಯವೆನಿಸುವುದು ಅದರ ಇನ್ನೊಂದು ಮಾತು. ಹಣ ಕೈ ಬದಲಿಸದಿದ್ದ ಮಾತ್ರಕ್ಕೆ ಆರ್ಥಿಕ ಹಿತ ಇಲ್ಲವೆಂದಲ್ಲ. ಹೆಸರು ಉಳಿದಾಗ ಯೋಜನೆಗೆ ಬಳಕೆದಾರರು ಬರುತ್ತಾರೆ, ಮಾಡಿದವರಿಗೆ ಮನ್ನಣೆ ಸಿಗುತ್ತದೆ, ತಪ್ಪು ಕಂಡವರು ತಿದ್ದಿ ಕಳಿಸುತ್ತಾರೆ. ಇವೆಲ್ಲ ಕಾನೂನು ಕಾಪಾಡಬೇಕಾದ ಲಾಭಗಳು ಎಂದು ನ್ಯಾಯಾಲಯ ಗುರುತಿಸಿತು. 2010ರ ಫೆಬ್ರವರಿಯಲ್ಲಿ ರಾಜಿಯಾಯಿತು. ಕ್ಯಾಟ್ಜರ್ ಕಡೆಯವರು 1,00,000 ಡಾಲರ್ ಕೊಡಲು ಒಪ್ಪಿದರು.

ಹೆಸರು ಉಳಿಸುವ ಈ ಷರತ್ತು ದೂರದ ಕೋರ್ಟಿನ ವಿಷಯ ಮಾತ್ರವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಲಿಬ್ರೆಆಫೀಸಿನಲ್ಲಿ ಕನ್ನಡ ಓದುವಾಗಲೆಲ್ಲ ಹಾರ್ಫ್‌ಬಝ್ ಎಂಬ ತಂತ್ರಾಂಶ ಲೈಬ್ರರಿ ದುಡಿಯುತ್ತಿರುತ್ತದೆ. ಕಂಪ್ಯೂಟರಿನಲ್ಲಿ ‘ಸ್ತ್ರೀ’ ಎಂಬುದು ಆರು ಪ್ರತ್ಯೇಕ ಸಂಕೇತಗಳ ಸಾಲು. ‘ಸೂರ್ಯ’ದಲ್ಲಿ ರಕಾರ ಮೊದಲು ಬಂದರೂ ಪರದೆಯ ಮೇಲೆ ಅದು ಅರ್ಕಾವೊತ್ತಾಗಿ ಯಕಾರದ ಬೆನ್ನಿಗೆ ಹೋಗಬೇಕು. ಯಾವ ಸಂಕೇತಕ್ಕೆ ಯಾವ ರೂಪ, ಒತ್ತಕ್ಷರ ಎಲ್ಲಿ ಕೂರಬೇಕು ಎಂದು ಫಾಂಟಿನ ನಿಯಮಗಳನ್ನು ಓದಿ ತೀರ್ಮಾನಿಸುವುದು ಈ ಲೈಬ್ರರಿ. ಅದರ ಪರವಾನಗಿ ಹಳೆಯ ಎಂಐಟಿ ಬಗೆಯದು. ಮಾರುವ ಸರಕಿನೊಳಗೂ ಸೇರಿಸಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ, ಮೂಲ ಕೋಡ್ ತೆರೆದಿಡಬೇಕೆಂದೂ ಇಲ್ಲ. ಹಕ್ಕುಸ್ವಾಮ್ಯದ ಸಾಲು ಮತ್ತು ಎರಡು ಪರಿಚ್ಛೇದಗಳು ಪ್ರತಿ ನಕಲಿನಲ್ಲೂ ಇರಬೇಕು, ಅಷ್ಟೆ.

ಆ ಸಾಲುಗಳನ್ನು ಓದಿದರೆ ಲೈಬ್ರರಿಯ ವಂಶಾವಳಿಯೇ ತೆರೆದುಕೊಳ್ಳುತ್ತದೆ. 1998ರಿಂದ 2005ರವರೆಗಿನ ಕೆಲಸಕ್ಕೆ ಡೇವಿಡ್ ಟರ್ನರ್, ವೆರ್ನರ್ ಲೆಂಬರ್ಗ್ ಎಂಬ ಎರಡು ಹೆಸರುಗಳಿವೆ. ಅವರು ಫ್ರೀಟೈಪ್ ಎಂಬ ಬೇರೊಂದು ಯೋಜನೆಯವರು. ಅಲ್ಲಿನ ಕೋಡೇ ಮುಂದೆ ಕವಲೊಡೆದು ಬೆಳೆದು ಹಾರ್ಫ್‌ಬಝ್ ಆಯಿತು. ಆಮೇಲೆ ಇದನ್ನು ಹೊಸದಾಗಿ ಬರೆದವರು ಬೆಹದಾದ್ ಎಸ್ಫಾಹ್ಬೋದ್. ಹೊಸದಾಗಿ ಬರೆದ ಮೇಲೂ ಹಳಬರ ಸಾಲು ಉಳಿದಿದೆ. ನೋಕಿಯಾ ಹೆಸರೂ ಅಲ್ಲಿದೆ. ಇದೆಲ್ಲ ಎಲ್ಲೋ ಬಚ್ಚಿಟ್ಟ ದಾಖಲೆಯಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಫೋನಿನ ಬಗ್ಗೆ ಇರುವ ಪುಟಕ್ಕೆ ಹೋಗಿ, ಕಾನೂನು ಮಾಹಿತಿ ತೆರೆದರೆ ಓಪನ್ ಸೋರ್ಸ್ ಪರವಾನಗಿಗಳ ಉದ್ದನೆಯ ಪಟ್ಟಿ ಸಿಗುತ್ತದೆ.

ಕೃತಜ್ಞತೆಯನ್ನು ಅತಿಯಾಗಿ ಕೇಳಿದ ಪರವಾನಗಿಗಳೂ ಇದ್ದವು. ಬರ್ಕ್ಲಿಯದೇ ಹಳೆಯ ಬಿಎಸ್‌ಡಿ ಪರವಾನಗಿ, ತಂತ್ರಾಂಶದ ಪ್ರಸ್ತಾಪವಿರುವ ಪ್ರತಿ ಜಾಹೀರಾತಿನಲ್ಲೂ ವಿಶ್ವವಿದ್ಯಾಲಯದ ಹೆಸರು ಬರಬೇಕು ಎನ್ನುತ್ತಿತ್ತು. ಉಳಿದವರೂ ಅದೇ ವಾಕ್ಯದಲ್ಲಿ ತಮ್ಮ ತಮ್ಮ ಹೆಸರು ತುಂಬಿಕೊಂಡರು. ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ 1997ರ ಒಂದು ಆವೃತ್ತಿಯಲ್ಲಿ ಇಂಥ 75 ವಾಕ್ಯಗಳನ್ನು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಎಣಿಸಿದರು. ಪಾಲಿಸಲಾಗದ ಷರತ್ತು ಯಾರನ್ನೂ ಗೌರವಿಸುವುದಿಲ್ಲ. 1999ರಲ್ಲಿ ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟದ್ದು ಸರಿಯಾಗಿಯೇ ಇತ್ತು.

ಆದರೆ ಹಕ್ಕುಸ್ವಾಮ್ಯದ ಸಾಲಿನಲ್ಲಿ ಎಲ್ಲರೂ ಕಾಣುವುದಿಲ್ಲ. ಅಲ್ಲಿರುವುದು ಹಕ್ಕುದಾರರು. ಉದ್ಯೋಗಿ ಬರೆದ ಕೋಡಿನ ಮೇಲೆ ಹೆಚ್ಚಾಗಿ ಕಂಪನಿಯ ಹೆಸರಿರುತ್ತದೆ. ತಪ್ಪು ಹುಡುಕಿ ತಿಳಿಸಿದವರು, ಪರೀಕ್ಷಿಸಿ ನೋಡಿದವರು, ಅನುವಾದ ಮಾಡಿದವರು ಆ ಸಾಲಿಗೆ ಬರುವುದೇ ಅಪರೂಪ. ಈ ಕೊರತೆಯನ್ನು ತುಂಬಿದ್ದು ಕಾನೂನಲ್ಲ, ದಿನನಿತ್ಯದ ಸಲಕರಣೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್, ಪ್ರತಿ ಬದಲಾವಣೆಗೂ ಎರಡು ಹೆಸರುಗಳನ್ನು ಬೇರೆ ಬೇರೆಯಾಗಿ ದಾಖಲಿಸುತ್ತದೆ: ಬರೆದವರದ್ದು, ಮುಖ್ಯ ಕೋಡಿಗೆ ಸೇರಿಸಿದವರದ್ದು. ದೂರದ ಊರಿನ ವಿದ್ಯಾರ್ಥಿ ಮಿಂಚಂಚೆಯಲ್ಲಿ ಕಳಿಸಿದ ತಿದ್ದುಪಡಿಯನ್ನು ಯೋಜನೆಯ ಹಿರಿಯರು ಸೇರಿಸಿದರೂ ಬರೆದವರ ಜಾಗದಲ್ಲಿ ವಿದ್ಯಾರ್ಥಿಯ ಹೆಸರೇ ನಿಲ್ಲುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಬದಲಾವಣೆಯ ಟಿಪ್ಪಣಿಯ ಕೆಳಗೆ ದೋಷ ತಿಳಿಸಿದವರು, ಪರೀಕ್ಷಿಸಿದವರು, ಪರಿಶೀಲಿಸಿದವರು ಯಾರೆಂದು ಒಂದೊಂದು ಸಾಲು ಬರೆಯುವ ರೂಢಿಯಿದೆ. ಇದು ಬಿಡಿಯಾದ ಧನ್ಯವಾದದ ಪಟ್ಟಿಗಿಂತ ಮೇಲು. ಹೆಸರು ಯಾವ ಕೆಲಸದ್ದೋ ಆ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಹತ್ತು ವರ್ಷದ ನಂತರ ಆ ಒಂದು ಸಾಲು ಕೋಡ್ ಯಾಕೆ ಹೀಗಿದೆ ಎಂದು ಕೇಳಬೇಕಾದರೆ ಯಾರನ್ನು ಕೇಳಬೇಕೆಂದೂ ಗೊತ್ತಾಗುತ್ತದೆ.

ಈಗ ಇನ್ನೊಂದು ಕಡೆಯಿಂದ ಹೆಸರು ಕಳಚುತ್ತಿದೆ. ಓಪನ್ ಸೋರ್ಸ್ ಕೋಡನ್ನು ಓದಿ ಕಲಿತ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೇಳಿದೊಡನೆ ಕೋಡ್ ಬರೆದುಕೊಡುತ್ತವೆ. ಅದು ಯಾರದೋ ಕೋಡಿನ ಹತ್ತಿರದ ನಕಲಾಗಿದ್ದರೂ ಹಕ್ಕುಸ್ವಾಮ್ಯದ ಸಾಲು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. 2022ರ ನವೆಂಬರಿನಲ್ಲಿ ಕೆಲವು ಪ್ರೋಗ್ರಾಮರುಗಳು ಇಂಥದೊಂದು ಸಹಾಯಕದ ಕುರಿತು ಗಿಟ್‌ಹಬ್, ಮೈಕ್ರೋಸಾಫ್ಟ್, ಓಪನ್‌ಎಐ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಅವರು ಆಧಾರವಾಗಿಟ್ಟ ಕಾನೂನುಗಳಲ್ಲೊಂದು, ಕೃತಿಗೆ ಅಂಟಿರುವ ಹಕ್ಕುಸ್ವಾಮ್ಯದ ಮಾಹಿತಿಯನ್ನು ಕಿತ್ತುಹಾಕುವುದನ್ನು ನಿಷೇಧಿಸುವ 1998ರ ಡಿಎಂಸಿಎ. ಜೇಕಬ್ಸನ್ ಮೊಕದ್ದಮೆಯಲ್ಲೂ 2009ರ ಡಿಸೆಂಬರಿನಲ್ಲಿ ಇದೇ ಕಾನೂನು ಚರ್ಚೆಗೆ ಬಂದಿತ್ತು. ಕಡತದ ತಲೆಯಲ್ಲಿದ್ದ ಲೇಖಕರ ಹೆಸರು, ಪರವಾನಗಿಯ ಉಲ್ಲೇಖ ಅಂಥ ಮಾಹಿತಿಯೇ ಎಂದು ನ್ಯಾಯಾಲಯ ಒಪ್ಪಿತ್ತು. ಹೊಸ ದಾವೆಯಲ್ಲಿ 2024ರಲ್ಲಿ ನ್ಯಾಯಾಧೀಶರು ಆ ಭಾಗವನ್ನು ತಳ್ಳಿಹಾಕಿದರು. ಸಹಾಯಕ ಕೊಟ್ಟ ಕೋಡ್ ಮೂಲದ ಯಥಾವತ್ ನಕಲಲ್ಲ ಎಂಬುದು ಕಾರಣ. ಯಥಾವತ್ ಆಗಿರಲೇಬೇಕೇ ಎಂಬ ಪ್ರಶ್ನೆಯನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಒಯ್ಯಲು ಅವರೇ ಅವಕಾಶವನ್ನೂ ಕೊಟ್ಟರು.

ಆರೆಗನ್ನಿಗೆ ಹೋದ ಡಿಕೋಡರ್ ಕಡತಗಳೂ ಬದಲಾಗಿದ್ದವು. ಕಡತದ ಹೆಸರೇ ಬೇರೆಯಾಗಿತ್ತು. ಕೋಡಿನೊಳಗಿನ ಹೆಸರೊಂದು ಬದಲಾದ ಮಾತ್ರಕ್ಕೆ ಬರೆದವರ ಸಾಲು ಕಿತ್ತುಹೋದದ್ದು ಲೆಕ್ಕಕ್ಕಿಲ್ಲ ಎನ್ನುವುದಾದರೆ, ನಕಲನ್ನು ಸ್ವಲ್ಪ ಅಲುಗಾಡಿಸಿ ಕೊಡುವ ಯಂತ್ರಕ್ಕೆ ಈ ಷರತ್ತು ಯಾವತ್ತೂ ಅನ್ವಯಿಸುವುದಿಲ್ಲ. ಮನುಷ್ಯರು ಬರೆದ ಮೂಲಕ್ಕೆ ಹತ್ತಿರವಾದ ಕೋಡನ್ನು ಕೊಡುವಾಗ ಆ ಮೂಲವನ್ನು ಹುಡುಕಿ ಅದರ ಪರವಾನಗಿಯನ್ನೂ ತೋರಿಸುವ ಸೌಲಭ್ಯವನ್ನು ಕೆಲವು ಸಹಾಯಕಗಳು ಈಗಾಗಲೇ ಇಟ್ಟಿವೆ. ಅದು ಬಳಸುವವರು ಆರಿಸಿಕೊಳ್ಳುವ ಆಯ್ಕೆಯಾಗಿರದೆ, ಪ್ರತಿ ಸಲವೂ ತಾನಾಗಿ ನಡೆಯುವ ಕೆಲಸವಾಗಿರಬೇಕು.