ಜತ್ತ ಸೀಮೆಯಲ್ಲಿ ನಾಲ್ಕು ದಿನ

ಪ್ರವಾಸವೆಂದರೆ ನಮ್ಮ ಕಡೆಯವರಿಗೆ ಹಂಪಿ, ಬೇಲೂರು, ಹಳೇಬೀಡು. ಅನುಕೂಲ ಇದ್ದವರಿಗೆ ಕಾಶಿ. ಈಗೀಗ ಮಕ್ಕಳು ಹೊರದೇಶಗಳಲ್ಲಿರುವ ದಂಪತಿಗಳು ಗ್ರೀಸ್ ದೇಶದ ದ್ವೀಪಗಳಿಗೂ ಹೋಗಿ, ಮುರಿದ ಕಂಬಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಕಳೆದ ಫೆಬ್ರವರಿಯಲ್ಲಿ ನಾನೂ ನನ್ನ ಮನೆಯವಳೂ ಹೊರಟದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿಗೆ. “ಅಲ್ಲೇನುಂಟು ಮಾರಾಯರೇ ನೋಡಲಿಕ್ಕೆ?” ಎಂದು ನೆರೆಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಕಾಸರಗೋಡಿನವರಿಗೆ ಜತ್ತದ ಹೆಸರು ಪೂರ್ತಿ ಅಪರಿಚಿತವಲ್ಲ. 1956ರ ನವೆಂಬರ್ 1ರಂದು ನಮ್ಮನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಿದ ದಿನವೇ ಜತ್ತದ ಕನ್ನಡ ಹಳ್ಳಿಗಳಿಗೂ ಬಿಜಾಪುರ ಜಿಲ್ಲೆಗೂ ನಡುವೆ ರಾಜ್ಯದ ಗಡಿ ಬಿತ್ತು. ಅದುವರೆಗೆ ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವು. ಮುಂದೆ 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಾಗ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಪ್ರದೇಶವೂ ಜತ್ತ ತಾಲೂಕಿನ ಅನೇಕ ಹಳ್ಳಿಗಳೂ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅದರಲ್ಲಿ ಬರೆದಿತ್ತು. ಆ ವರದಿ ಏನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದೇ ಕಾಗದದಲ್ಲಿ ಹೆಸರು ಬರೆಸಿಕೊಂಡವರ ಊರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನನ್ನ ಹಳೆಯ ಆಸೆ. ಮನೆಯವಳಿಗೆ ಗುಡ್ಡಾಪುರದ ದಾನಮ್ಮನ ದರ್ಶನದ ಆಸೆ. ಹೀಗೆ ಇಬ್ಬರ ದಾರಿಯೂ ಒಂದಾಯಿತು.

ಮಂಗಳೂರಿನಿಂದ ವಿಜಯಪುರಕ್ಕೆ ರೈಲು. ಗೋಲಗುಮ್ಮಟ ನೋಡಿ, ರಾತ್ರಿ ಅಲ್ಲೇ ತಂಗಿ, ಮರುದಿನ ಬಸ್ಸು ಹತ್ತಿದೆವು. ಗಡಿ ಎಲ್ಲಿ ದಾಟಿತೆಂದು ತಿಳಿದದ್ದು ಅಂಗಡಿಗಳ ಬೋರ್ಡಿನಿಂದ ಮಾತ್ರ. ನೆಲ ಅದೇ, ಜನ ಅದೇ, ಬಸ್ಸಿನೊಳಗಿನ ಮಾತೂ ಅದೇ. ತಲಪಾಡಿಯಲ್ಲಿ ನಮಗೆ ಆಗುವ ಅನುಭವವೂ ಇದೇ ತಾನೆ!

ಆದರೆ ನೆಲ ನಮ್ಮದರಂತಲ್ಲ. ಕಣ್ಣು ಹಾಯಿಸಿದಷ್ಟು ದೂರ ಬಯಲು, ಜಾಲಿ, ಬೇವು, ಕಟಾವಿಗೆ ನಿಂತ ಜೋಳ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿದರೆ ಅಲ್ಲಿ ಸುಮಾರು 500. ಅದೂ ಬಂದರೆ ಬಂತು. ನಡುನಡುವೆ ದ್ರಾಕ್ಷಿ, ದಾಳಿಂಬೆ ತೋಟಗಳು ಹಸಿರಾಗಿ ಕಾಣುತ್ತವೆ. ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ನೆರಳು ಮಾಡಿದ ಚಪ್ಪರದೊಳಗೆ ಬಲೆಯ ಅಟ್ಟಗಳ ಮೇಲೆ ಹರವಿ ಒಣಗಿಸುತ್ತಾರೆ. ನಮ್ಮ ಪಾಯಸಕ್ಕೆ ಬೀಳುವ ಒಣದ್ರಾಕ್ಷಿ ಹೀಗೆ ಆಗುತ್ತದೆ. ಕುರಿ ಕಾಯುವವರು ಬಹಳ. ಈ ತಾಲೂಕಿನ ಮಾಡಗ್ಯಾಳದ ಕುರಿ ಹೆಸರಾದದ್ದು: ಬಿಳಿ ಮೈ, ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಮನೆಯವಳಿಗೆ ಆ ಮೂಗನ್ನು ಎಷ್ಟು ನೋಡಿದರೂ ಸಾಕಾಗಲಿಲ್ಲ.

ಜತ್ತ ಪಟ್ಟಣ ಹಿಂದೆ ಒಂದು ಸಂಸ್ಥಾನದ ರಾಜಧಾನಿ. ಆಳಿದವರು ಡಫಳೆ ಮನೆತನದವರು. ಮೊದಲು ವಿಜಯಪುರದ ಆದಿಲಶಾಹಿಯ ಸೇವೆಯಲ್ಲಿದ್ದು, ತಾಲೂಕಿನಲ್ಲೇ ಇರುವ ಡಫಳಾಪುರದಿಂದ ಹೆಸರು ಪಡೆದವರು. ಸಂಸ್ಥಾನದ ವಿಸ್ತೀರ್ಣ ಸುಮಾರು 980 ಚದರ ಮೈಲಿ. 1901ರ ಜನಗಣತಿಯಲ್ಲಿ ಜನಸಂಖ್ಯೆ 68,665. ಅದಕ್ಕಿಂತ ಹತ್ತು ವರ್ಷ ಹಿಂದಿನದಕ್ಕೆ ಹೋಲಿಸಿದರೆ ನೂರಕ್ಕೆ 14ರಷ್ಟು ಕಡಿಮೆ! ನಡುವಿನ ಹತ್ತು ವರ್ಷಗಳಲ್ಲಿ ದಖ್ಖನದ ಮೇಲೆ ದೊಡ್ಡ ಬರಗಾಲಗಳು ಬಿದ್ದಿದ್ದವು. ಅರಮನೆ, ಕೋಟೆಗಳ ಕಥೆಗಿಂತ ಈ ಒಂದು ಅಂಕಿ ನನಗೆ ಆ ಸೀಮೆಯ ಬಗ್ಗೆ ಹೆಚ್ಚು ಹೇಳಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. ಆಮೇಲೆ ಅದು ಸೇರಿದ ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರಾಯಿತು. ಪೂರ್ವದಂಚಿನ ಉಮದಿಯವರಿಗೆ ಈಗಲೂ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ತಿರುವನಂತಪುರಕ್ಕೆ ಕಡತ ಹಿಡಿದುಕೊಂಡು ಓಡಾಡಿದ ನಮಗೆ ಈ ಸಂಕಟ ಬಿಡಿಸಿ ಹೇಳಬೇಕೆ?

ಉಮರಾಣಿಯ ನೀರು

ಎರಡನೆಯ ದಿನ ಉಮರಾಣಿಗೆ ಹೋದೆವು. ದೊಡ್ಡ ಊರಲ್ಲ. ಆದರೆ ಎರಡು ಕಾರಣಗಳಿಗೆ ಅದನ್ನು ನೋಡಲೇಬೇಕು. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಹುಟ್ಟಿದ್ದು ಇಲ್ಲಿ. ಲಿಂಗಮ್ಮ ಎಂಬುದು ಆಕೆಯ ಮೊದಲ ಹೆಸರು. ಕಲ್ಯಾಣಕ್ಕೆ ಹೋದಾಗ ಆಕೆಯ ದಾನಗುಣ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂದು ಐತಿಹ್ಯ.

ಇನ್ನೊಂದು ಕಾರಣ ಯುದ್ಧದ್ದು. 1673ರ ಏಪ್ರಿಲ್ ತಿಂಗಳು. ಶಿವಾಜಿ ಪನ್ಹಾಳಗಡವನ್ನು ಹಿಡಿದಿದ್ದ. ಅವನನ್ನು ತಡೆಯಲು ವಿಜಯಪುರದಿಂದ ಬಹಲೋಲ್ ಖಾನ್ ಸೈನ್ಯ ತೆಗೆದುಕೊಂಡು ಹೊರಟ. ಮರಾಠರ ಸೇನಾಪತಿ ಪ್ರತಾಪರಾವ್ ಗುಜರ್ ಉಮರಾಣಿಯ ಬಳಿ ಮೊದಲು ಮಾಡಿದ ಕೆಲಸವೆಂದರೆ ಖಾನನ ಸೈನ್ಯಕ್ಕೆ ನೀರು ಸಿಗದಂತೆ ಅಡ್ಡ ನಿಂತದ್ದು. ಏಪ್ರಿಲ್ ತಿಂಗಳ ಆ ಬಿಸಿಲಿನಲ್ಲಿ ಕುದುರೆಗೂ ಆಳಿಗೂ ನೀರಿಲ್ಲ! ದಿನವಿಡೀ ಕಾದಾಡಿ ಸೋತ ಖಾನ್ ಸಂಧಿ ಬೇಡಿದ. ಪ್ರತಾಪರಾವ್ ಅವನನ್ನು ಹೋಗಗೊಟ್ಟ. ಶಿವಾಜಿಗೆ ಇದು ಹಿಡಿಸಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ನೇಸರಿ ಎಂಬಲ್ಲಿ ಆರೇ ಮಂದಿ ಸವಾರರೊಡನೆ ಅದೇ ಖಾನನ ದಂಡಿನ ಮೇಲೆ ನುಗ್ಗಿ ಪ್ರತಾಪರಾವ್ ಪ್ರಾಣ ಬಿಟ್ಟ. ನೇಸರಿಯ ಕಥೆ ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧ. ಉಮರಾಣಿಯ ನೀರಿನ ಕಥೆಯನ್ನು ಅಷ್ಟಾಗಿ ಹೇಳುವವರಿಲ್ಲ.

ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕರೆದು ಕೂರಿಸಿಕೊಂಡರು.

“ಯಾವೂರ್ರಿ ನಿಮ್ದು?”

ಕಾಸರಗೋಡು ಎಂದೆ. ಎಲ್ಲಿ ಬರುತ್ತದೆಂದು ಕೇಳಿದರು. ಕೇರಳದಲ್ಲಿ ಎಂದೆ.

“ಕೇರಳದಾಗ ಇದ್ದು ಕನ್ನಡ ಹೆಂಗ ಮಾತಾಡ್ತೀರಿ?”

“ನೀವು ಮಹಾರಾಷ್ಟ್ರದಲ್ಲಿದ್ದು ಹೇಗೆ ಮಾತಾಡ್ತೀರೋ ಹಾಗೆಯೇ ಅಮ್ಮ,” ಎಂದಳು ನನ್ನ ಮನೆಯವಳು.

“ಖರೇ ಐತಿ ಬಿಡ್ರಿ!” ಎಂದು ಅಜ್ಜಿ ನಕ್ಕರು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ಬಂತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆಯೂ ಬಂದವು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ರೊಟ್ಟಿ ಸ್ವಲ್ಪ ಬಿರುಸು, ಆದರೆ ಆ ಚಟ್ನಿಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಈಗಲೂ ಆ ಭಾಗದ ಮಾತೆಲ್ಲ ನೀರಿನದ್ದೇ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣಾ ನದಿಯ ನೀರನ್ನು ಹಂತಹಂತವಾಗಿ ಎತ್ತಿ ಈ ಕಡೆಯ ತಾಲೂಕುಗಳಿಗೆ ಹರಿಸುವ ಯೋಜನೆ ಬಹಳ ಹಿಂದಿನಿಂದ ನಡೆದು ಬಂದಿದೆ. ಅದು ಪೂರ್ವದ ಕನ್ನಡ ಹಳ್ಳಿಗಳನ್ನು ಮುಟ್ಟಲಿಲ್ಲವೆಂಬುದೇ ಜನರ ದೂರು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು 2012ರಲ್ಲಿ ಸುಮಾರು 40 ಹಳ್ಳಿಗಳವರು ಠರಾವು ಮಾಡಿದರು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವನ್ನು ನೆನಪಿಸಿದೊಡನೆ ಎರಡೂ ಕಡೆ ಗದ್ದಲ ಎದ್ದಿತು. ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕಡೆಗೆ ಹರಿಯಿತು. ಅತ್ತ ಮಹಾರಾಷ್ಟ್ರ ಸರಕಾರ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಮಂಜೂರಾತಿ ಕೊಟ್ಟಿತು. ಇಷ್ಟು ವರ್ಷಗಳ ಅರ್ಜಿಗಳಿಂದ ಆಗದ ಕೆಲಸ ಕೆಲವೇ ವಾರಗಳ ಗದ್ದಲದಿಂದ ಆಯಿತು!

ಕುರಿಮಂದೆಯ ಹಿಂದೆ ಬರುತ್ತಿದ್ದ ರೈತರೊಬ್ಬರು, “ಆ ಸರಕಾರ ಆದ್ರೇನ್ರಿ, ಈ ಸರಕಾರ ಆದ್ರೇನ್ರಿ, ನೀರ ಕೊಟ್ಟವರು ನಮ್ಮವರು” ಎಂದರು. ಭಾಷೆಗಾಗಿ ಇಷ್ಟು ವರ್ಷ ಮೆರವಣಿಗೆ, ಮನವಿ ಎಂದು ತಿರುಗಿದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ, ಈಗಲೂ ಒಪ್ಪಿಗೆಯಿಲ್ಲ. ದಾರಿಯಲ್ಲಿ ಮನೆಯವಳೊಡನೆ ಹಾಗೆಂದೆ. “ಗುಡ್ಡ ಕೊರೆದರೆ ಸುರಂಗದಲ್ಲಿ ನೀರು ಬರುವ ಊರಿನವರು ನೀವು. ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಹೆಂಗಸರನ್ನು ಕೇಳಿ ನೋಡಿ,” ಎಂದಳು. ಗುಡ್ಡಾಪುರ ಮುಟ್ಟುವವರೆಗೂ ನಮ್ಮ ಚರ್ಚೆ ಮುಗಿಯಲಿಲ್ಲ.

ಗುಡ್ಡಾಪುರದಲ್ಲಿ

ದಾನಮ್ಮ ಮತ್ತು ಆಕೆಯ ಪತಿ ಸೋಮನಾಥ, ಇಬ್ಬರೂ ಶರಣಧರ್ಮ ಸಾರುತ್ತಾ ಊರೂರು ತಿರುಗಿದವರೆಂದು ಕಥೆ. ಅವರಿಗಿಂತ ದೊಡ್ಡ ಪ್ರವಾಸಿ ದಂಪತಿ ಆ ಸೀಮೆಯಲ್ಲಿಲ್ಲ. ಗುಡ್ಡಾಪುರದ ದೇವಸ್ಥಾನದಲ್ಲಿ ಬಂದವರಿಗೆಲ್ಲ ದಾಸೋಹದ ಊಟ. ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ನಾವು ಹೋದದ್ದು ಸಾಮಾನ್ಯ ದಿನ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಮರಾಠಿ ಮಾತಾಡುವ ಸಂಸಾರ, ಬಲಕ್ಕೆ ಇಂಡಿ ಕಡೆಯ ಕನ್ನಡದವರು. ಬಡಿಸುವಾತ ಎರಡೂ ಭಾಷೆಗಳಲ್ಲಿ “ಸಾಕೇ” ಎಂದು ಕೇಳುತ್ತಾ ಹೋದ.

ಕೊನೆಯ ದಿನ ಒಂದು ಕನ್ನಡ ಶಾಲೆಗೆ ಹೋದೆವು. ಊರಿನ ಹೆಸರು ಬೇಡ. ಜಿಲ್ಲಾ ಪರಿಷತ್ತಿನ ಶಾಲೆ. ಪಠ್ಯಪುಸ್ತಕ ಕನ್ನಡದ್ದೇ, ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಅಚ್ಚುಹಾಕಿದ್ದು. ನಾಲ್ಕನೆಯ ತರಗತಿಯ ಮಕ್ಕಳು ಶಿವಾಜಿಯ ಚರಿತ್ರೆಯನ್ನು ಕನ್ನಡದಲ್ಲಿಯೇ ಓದುತ್ತಾರೆ. ನನಗೆ ಇದು ಬಹಳ ಚೆನ್ನಾಗಿ ಕಂಡಿತು. ಸುತ್ತೋಲೆಗಳು ಮಾತ್ರ ಮರಾಠಿಯಲ್ಲಿ ಬರುತ್ತವೆ. ಮುಖ್ಯಗುರುಗಳು ಅವನ್ನು ಓದಿ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಸುತ್ತಾರೆ. ನಮ್ಮ ಶಾಲೆಗಳಲ್ಲಿ ಮಲಯಾಳದ ಸುತ್ತೋಲೆಗಳಿಗೆ ಮಾಡುವ ಹಾಗೆಯೇ.

2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕನ್ನಡ ಬಾರದ ಅಧ್ಯಾಪಕರು ನಮ್ಮ ಶಾಲೆಗಳಿಗೆ ಬಂದಾಗ ಮಕ್ಕಳೊಡನೆ ನಾವೂ ಬೀದಿಗಿಳಿದಿದ್ದನ್ನು ಆ ಗುರುಗಳಿಗೆ ಹೇಳಿದೆ. ಎಲ್ಲಿಗೆ ಮನವಿ ಕೊಟ್ಟಿರಿ, ಯಾರು ಉತ್ತರಿಸಿದರು, ಕೋರ್ಟಿಗೆ ಹೋದಿರೋ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಗೊತ್ತಿದ್ದಷ್ಟು ಹೇಳಿದೆ. ವಿಳಾಸ ಕೊಟ್ಟು ಬಂದಿದ್ದೇನೆ. ಮನವಿಗಳ ಪ್ರತಿ ಕಳಿಸಬೇಕಾಗಿದೆ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಮಿರಜ–ಪಂಢರಪುರ ಮಾರ್ಗದಲ್ಲಿ ಜತ್ತ ರೋಡ್ ಎಂಬ ಸ್ಟೇಷನ್ ಇದೆ. ಹೆಸರು ನಂಬಿ ಇಳಿಯಬೇಡಿ, ಊರು ಅಲ್ಲಿಂದ ದೂರ. ವಿಜಯಪುರದ ದಾರಿಯೇ ಒಳ್ಳೆಯದು. ಮಾರ್ಚ್ ಕಳೆದ ಮೇಲೆ ಬಿಸಿಲು ನಮ್ಮವರಿಗೆ ತಡೆಯುವುದಿಲ್ಲ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ ಬನ್ನಿ. ಕುಡಿಯುವ ನೀರು ಜೊತೆಗಿರಲಿ.